ಹತ್ತು ವರ್ಷದಲ್ಲಿ ಹದಿನೆಂಟು ವರ್ಷ ದೊಡ್ಡವಳಾದ ಮುತ್ತಜ್ಜಿ

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಆರಾಮಾಗಿದ್ದೇವೆ. ಇಲ್ಲಿ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಮಳೆ ಅಂತೂ ಇದ್ದೇ ಇದೆ. ಪಕ್ಕದ ಜಮೀನಿನ ಯಜಮಾನರ ಬಗ್ಗೆ ಹೇಳಿದ್ದೆನಲ್ಲ, ಎಂಬತ್ತರ ಹತ್ತಿರದವರು, ದನ ಸಾಕಿದ್ದಾರೆ. ಹಳೇ ಕಥೆ ಕೇಳೋರು ಸಿಕ್ಕರೆ ಸಾಕು, ಟೀಗೆ ನೀರಿಟ್ಟೇ ಬಿಡ್ತಾರೆ.

ಮೊನ್ನೆ ಅವರ ಮನೆಯ ಜನಗಣತಿ ಕಾಗದ ತೋರಿಸಿದರು. 1901, 1911ರದ್ದು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ಅದಕ್ಕಿಂತ ಹಿಂದಿನದು ಹೆಚ್ಚುಕಮ್ಮಿ ಏನೂ ಉಳಿದಿಲ್ಲ. ಕೆಲವನ್ನು ಸರ್ಕಾರವೇ ನಾಶ ಮಾಡಿತ್ತು, ಮಿಕ್ಕಿದ್ದು 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಜೊತೆ ಸುಟ್ಟುಹೋಯಿತು.

ಅವರ ಮುತ್ತಜ್ಜಿಗೆ 1901ರಲ್ಲಿ 56 ವರ್ಷ. 1911ರಲ್ಲಿ 74! ಎಲ್ಲ ಪೆನ್ಷನ್ ಮಹಿಮೆ. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಸಿಗತೊಡಗಿತು. ಇಲ್ಲಿ ಎಲ್ಲರ ಹುಟ್ಟು ಬರೆಸುವ ಕಾನೂನು ಬಂದದ್ದೇ 1864ರಲ್ಲಿ. ಮುದುಕರು ಪುರಾವೆ ಎಲ್ಲಿಂದ ತರಬೇಕು? ಅದಕ್ಕೆ ‘ದೊಡ್ಡ ಗಾಳಿಯ ರಾತ್ರಿ’ ನೆನಪಿದೆಯಾ ಅಂತ ಅಧಿಕಾರಿಗಳು ಕೇಳುತ್ತಿದ್ದರು.

ಅದು 1839ರ ಜನವರಿ 6. ಅಟ್ಲಾಂಟಿಕ್ ಕಡೆಯಿಂದ ಬಂದ ಬಿರುಗಾಳಿ ಹುಲ್ಲಿನ ಮಾಡುಗಳನ್ನು ಕಿತ್ತೊಗೆದು, ಬಣವೆಗಳನ್ನು ಹಾರಿಸಿಕೊಂಡು ಹೋಯಿತು. ನೂರಾರು ಜನ ಸತ್ತರು. “ಆ ರಾತ್ರಿ ನಾನು ಆಲೂಗಡ್ಡೆ ಕೈಯಲ್ಲಿ ಹಿಡಿದು ತಿನ್ನುವಷ್ಟು ದೊಡ್ಡವಳಿದ್ದೆ” ಅಂದರೆ ಕೆಲಸ ಆದ ಹಾಗೆ. ಮುತ್ತಜ್ಜಿಯೂ ಅದನ್ನೇ ಅಂದಳಂತೆ. ಮೊದಲ ಕಾಗದ ನಂಬಿದರೆ ಅವಳು ಹುಟ್ಟಿದ್ದೇ ಗಾಳಿ ಬೀಸಿ ಐದಾರು ವರ್ಷ ಆದಮೇಲೆ!

ಐರ್ಲೆಂಡಿನ ಕಾಣದ ಜನ, ಅಂದರೆ ಇಲ್ಲಿಯ ಕಥೆಗಳಲ್ಲಿ ಬರುವ ಯಕ್ಷಿಣಿಯರಂಥವರು, ಆ ರಾತ್ರಿ ದೇಶ ಬಿಟ್ಟು ಹೊರಟರು, ಅವರು ಹೋದ ರಭಸಕ್ಕೆ ಎದ್ದ ಗಾಳಿ ಅದು ಅಂತಲೂ ಹೇಳುತ್ತಾರೆ. ಹಾಗಿದ್ದರೆ ಯಜಮಾನರ ಹುಲ್ಲುಗಾವಲಿನ ಆ ದುಂಡನೆ ದಿಬ್ಬ ಯಾಕೆ ಹಾಗೇ ಇದೆ? ಸಾವಿರ ವರ್ಷದ ಹಿಂದೆ ಯಾರೋ ರೈತರು ಮನೆ ಸುತ್ತ ಏರಿಸಿದ ಮಣ್ಣಿನ ಗೋಡೆ ಅದು. ಊರವರ ಪಾಲಿಗೆ ಕಾಣದ ಜನರ ಮನೆ. ಮೇಲೆ ಮುಳ್ಳಿನ ಮರ ಬೆಳೆದಿದೆ, ಒಂದು ಕೊಂಬೆಯನ್ನೂ ಕಡಿದಿಲ್ಲ, ನಮ್ಮ ನಾಗಬನದ ಹಾಗೆ. ಯಾಕೆ ಸಮ ಮಾಡಿಲ್ಲ ಅಂತ ಕೇಳಿದೆ. ಟ್ರಾಕ್ಟರ್ ತಿರುಗಿಸೋಕೆ ಜಾಗ ಸಾಲಲ್ಲ ಅಂದರು. ಜಾಗ ಬೇಕಾದಷ್ಟಿದೆ.

ನಮ್ಮ ಅಜ್ಜಿಯ ಆಧಾರ್‌ನಲ್ಲೂ ಹುಟ್ಟಿದ್ದು ಜನವರಿ 1 ಅಂತಲೇ ಇದೆ, ಅಲ್ವಾ? ಕೆರೆ ಒಡೆದ ವರ್ಷ ಹುಟ್ಟಿದೆ ಅಂತಾರಲ್ಲ, ಯಾವ ಕೆರೆ, ಆಗ ಏನಾಯ್ತು ಅಂತ ಕೇಳಿ ವಾಟ್ಸಾಪ್‌ನಲ್ಲಿ ಅವರ ದನಿಯಲ್ಲೇ ಕಳಿಸು. ಚಿಕ್ಕಪ್ಪ ಪಕ್ಕದಲ್ಲಿ ಕೂರೋದು ಬೇಡ, ನಡುವೆ ಬಾಯಿ ಹಾಕ್ತಾರೆ.

ಇಂತಿ ನಿನ್ನ ಮಗಳು