ಕಲೋನಿಯಲ್ ನಂಬರ್ ಕೇಳಿ, ಜಾತಿ ಆಮೇಲೆ

ಮಾನ್ಯ ಸಂಪಾದಕರೇ,

ಮದ್ರಾಸ್ ಬಂದರಿನಿಂದ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಹೋದವರ ಮರಿಮಕ್ಕಳು ಊರು ಹುಡುಕಿಕೊಂಡು ನಮ್ಮ ಕಡೆಗೂ ಬರುತ್ತಾರೆ. 'ಮುತ್ತಜ್ಜಿ ಏಳೆಂಟು ವರ್ಷದವಳಿದ್ದಾಗ ಹಡಗು ಹತ್ತಿದಳಂತೆ, ಊರು ಬೆಂಗಳೂರಂತೆ' ಎನ್ನುವುದರಾಚೆ ಹಲವರ ಕೈಯಲ್ಲಿ ಏನೂ ಇರುವುದಿಲ್ಲ. ಇಲ್ಲಿನವರು ಒಳ್ಳೆ ಮನಸ್ಸಿನಿಂದಲೇ ಜಾತಿ, ಅಡ್ಡಹೆಸರು ಕೇಳಿಕೊಂಡು ಅವರನ್ನು ಊರೂರು ಸುತ್ತಿಸುತ್ತಾರೆ. ಅಡ್ಡಹೆಸರೋ, ತಂದೆಯ ಹೆಸರನ್ನೇ ಅಲ್ಲಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದು ಇದ್ದೀತು.

ಕೇಳಬೇಕಾದ್ದು ಕಲೋನಿಯಲ್ ನಂಬರ್. 1860ರ ನವೆಂಬರ್ 16ರಂದು ಟ್ರೂರೋ ಹಡಗು ಡರ್ಬನ್ ಮುಟ್ಟಿದಂದಿನಿಂದ 1911ರವರೆಗೆ ಬಂದಿಳಿದ ಸುಮಾರು ಒಂದೂವರೆ ಲಕ್ಷ ಮಂದಿಗೆ ಸರದಿಯಂತೆ ಸಂಖ್ಯೆ ಕೊಟ್ಟಿದ್ದರು. ಮದುವೆ ನೋಂದಣಿ, ಮರಣಪತ್ರ, ಆಸ್ತಿ ಕಡತ, ಮಕ್ಕಳ ಜನನಪತ್ರ ಇವುಗಳಲ್ಲೆಲ್ಲ ಅದನ್ನು ಹುಡುಕಬೇಕು. ಅಲ್ಲೇ ಹುಟ್ಟಿದ ಮಗುವಿಗೆ ಸ್ವಂತ ನಂಬರ್ ಇಲ್ಲ, ತಂದೆ ತಾಯಿಯದನ್ನು ಬರೆದಿರುತ್ತಾರೆ. 'ಮಗುವಾಗಿದ್ದಾಗ ಬಂದಳು' ಎಂಬ ಮನೆಮಾತು ಎಷ್ಟೋ ಸಲ ಇಲ್ಲೇ ಬಿದ್ದುಹೋಗುತ್ತದೆ. ಇಸವಿಯನ್ನೂ ತಾಳೆ ನೋಡಿ: 1866ರಲ್ಲಿ ನಿಂತ ಕೂಲಿ ಸಾಗಣೆ ಮತ್ತೆ ಶುರುವಾದದ್ದು 1874ರಲ್ಲಿ. 1870ರಲ್ಲಿ ಬಂದರು ಎಂದರೆ ಎಲ್ಲೋ ಲೆಕ್ಕ ತಪ್ಪಿದೆ. ನಮ್ಮ ಸೀಮೆಯ ಮಟ್ಟಿಗೆ 1876-78ರ ಬರಗಾಲದ ಆಸುಪಾಸಿನ ಹಡಗುಗಳನ್ನು ತಾಳ್ಮೆಯಿಂದ ನೋಡಬೇಕು.

ಹಡಗುಪಟ್ಟಿಗಳ ಮೂಲ ಡರ್ಬನ್ ಪತ್ರಾಗಾರದಲ್ಲಿದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ದುಡ್ಡು ಕೊಡದೆಯೂ ಹುಡುಕಬಹುದು. ಒಂದೊಂದು ಸಾಲಿನಲ್ಲಿ ನಂಬರ್, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಗುರುತು ಇರುತ್ತವೆ. ಮಗುವಿನ ಸಾಲೊಂದನ್ನೇ ನಕಲು ಮಾಡಿಕೊಂಡು ಬರುವವರೇ ಹೆಚ್ಚು. ಆ ಸಾಲಿನಲ್ಲಿ ಊರಿನ ಕಾಲಂ ಎಷ್ಟೋ ಸಲ ಖಾಲಿ. ಒಂದೇ ಮನೆಯವರಿಗೆ ಸಾಮಾನ್ಯವಾಗಿ ಅಕ್ಕಪಕ್ಕದ ನಂಬರ್ ಸಿಕ್ಕಿರುವುದರಿಂದ ಹಿಂದೆ ಹತ್ತು, ಮುಂದೆ ಹತ್ತು ಸಾಲು ಓದಲೇಬೇಕು. ಆಗ ತಾಯಿ, ಅಣ್ಣ, ಕೆಲವೊಮ್ಮೆ ಅಜ್ಜಿಯೂ ಸಿಗುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಮಗುವಿನ ಮೇಲಿನ ಸಾಲಿನ ಗಂಡಸಿನ ಹೆಸರು ಮುನಿಯಪ್ಪ, ಆದರೆ ಮಗುವಿನ 'ತಂದೆಯ ಹೆಸರು' ಕಾಲಮಿನಲ್ಲಿ ತಿಮ್ಮ ಎಂದಿದೆ ಎನ್ನಿ. ಗುಮಾಸ್ತನ ಕೈತಪ್ಪು ಎಂದು ತಳ್ಳಿಹಾಕಬೇಡಿ. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಇರಬೇಕೆಂಬ ನಿಯಮವಿತ್ತು. ಹಡಗಿಗಾಗಿ ಕೂಲಿಗಳನ್ನು ಕೂಡಿಹಾಕುತ್ತಿದ್ದ ಡಿಪೋದಲ್ಲೇ ಜೋಡಿಯಾಗಿ ಹಡಗು ಹತ್ತಿದವರಿದ್ದರು. ಮುನಿಯಪ್ಪ ಮಲತಂದೆಯಾಗಿದ್ದರೆ ಅವನ ಊರು ಮಗುವಿನ ಊರಲ್ಲ. ತಾಯಿಯ ಸಾಲಿನ ಠಾಣೆ, ಊರನ್ನೇ ಹಿಡಿಯಬೇಕು.

ಇನ್ನು ಜಿಲ್ಲೆ. ಅಂದಿನ ಗಡಿಯೇ ಬೇರೆ. ಕೊಳ್ಳೇಗಾಲದವರನ್ನು ಕೊಯಮತ್ತೂರಿನ ಕೆಳಗೆ ಹುಡುಕಬೇಕು, ಹೊಸೂರು ಕಡೆಯ ಕನ್ನಡಿಗರನ್ನು ಸೇಲಂ ಕೆಳಗೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಅದಕ್ಕೂ ಹಿಂದೆ ಮೈಸೂರು. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರದಲ್ಲಿತ್ತು. 'ಮೈಸೂರು' ಎಂದಷ್ಟೇ ಇದ್ದರೆ ಇಡೀ ಸಂಸ್ಥಾನ ಎಂದೂ ಆಗಬಹುದು. 'ಬೆಂಗಳೂರು' ಎಂದಿದ್ದ ಮಾತ್ರಕ್ಕೆ ಕನ್ನಡದ ಮನೆತನ ಎನ್ನಲಾಗದು, ದಂಡು ಪ್ರದೇಶದ ತಮಿಳರೂ ಅದೇ ಹೆಸರು ಹೇಳಿಯಾರು. ಎಲ್ಲಕ್ಕಿಂತ ಮೋಸ ಮಾಡುವುದು ಗಂಜಾಂ. ಜಿಲ್ಲೆಯ ಕಾಲಮಿನಲ್ಲಿದ್ದರೆ ಅದು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ, ಈಗಿನ ಒಡಿಶಾದ ಗಂಜಾಂ. ಊರಿನ ಕಾಲಮಿನಲ್ಲಿದ್ದು ಜಿಲ್ಲೆ ಮೈಸೂರಾಗಿದ್ದರೆ ನಮ್ಮ ಶ್ರೀರಂಗಪಟ್ಟಣದ ಗಂಜಾಂ. ಕ್ಲೋಸ್‌ಪೇಟೆ ಎಂದರೆ ರಾಮನಗರ, ಫ್ರೆಂಚ್ ರಾಕ್ಸ್ ಎಂದರೆ ಪಾಂಡವಪುರ.

ಊರ ಹೆಸರನ್ನು ಕಣ್ಣಿಂದ ಓದಬೇಡಿ, ಬಾಯಿಬಿಟ್ಟು ಓದಿ. ಹಕಾರ ಹಾರಿಹೋಗಿರುವುದು ಸಾಮಾನ್ಯ: ಹಲಸೂರು ಅಲ್ಸೂರಾದಂತೆ, ಹೊಸಕೋಟೆ 'ಊಸ್ಕೋಟ' ಆದಂತೆ. ಅಕಾರಾದಿಯಲ್ಲಿ ಹ ಒಂದನ್ನೇ ನೋಡಿ ಮುಗಿಸಿದರೆ ಸಿಗದು. ಹೊಸಹಳ್ಳಿಗಳಂತೂ ಹೋದಲ್ಲೆಲ್ಲ ಇವೆ, ಠಾಣೆಯ ಕಾಲಂ ಇಲ್ಲದೆ ಹೆಜ್ಜೆ ಇಡುವುದೇ ವ್ಯರ್ಥ.

ಊರು ಗೊತ್ತಾದ ಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಸರ್ವೆ, ಕಂದಾಯ ಪುಸ್ತಕ ಕೇಳಬಹುದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದೇ 1863ರಲ್ಲಿ. ಅದಕ್ಕೆ ಮೊದಲೇ ಹೋದವರು ಅದರಲ್ಲಿ ಸಿಗುವುದಿಲ್ಲ. ಜಮೀನೇ ಇಲ್ಲದವರು ಆಮೇಲೂ ಸಿಗುವುದಿಲ್ಲ. ಮನೆತನಗಳ ಪೀಳಿಗೆ ಹೇಳುತ್ತ ಊರೂರು ತಿರುಗುವ ಹೆಳವರು ಬಂದುಹೋಗುವ ಊರಾದರೆ ಅವರ ವಂಶಾವಳಿಯಲ್ಲಿ 'ದೇಶಾಂತರ ಹೋದ' ಎಂಬ ಕವಲು ಇದೆಯೇ ಎಂದು ಕೇಳಿಸಿ. ಹೆಣ್ಣುಮಕ್ಕಳ ಹೆಸರು ಮಾತ್ರ ಅಲ್ಲಿ ನಿರೀಕ್ಷಿಸಬೇಡಿ. ಬಂದವರಿಗೆ ಮನೆದೇವರ ಹೆಸರು ನೆನಪಿದ್ದರೆ ಅದು ಜಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಹುಡುಕಬೇಕಾದ ಸೀಮೆಯನ್ನು ನಾಲ್ಕಾರು ಹೋಬಳಿಗೆ ಇಳಿಸುತ್ತದೆ. ಸಿಕ್ಕಿದ ಮನೆಯವರ ಮುಂದೆ ಆಸ್ತಿಯ ಮಾತು ಎತ್ತುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಕ್ಷೇಮ. ಪಾಲು ಕೇಳಲು ಬಂದರೆಂಬ ಅಂಜಿಕೆಗೆ ಬಾಯಿ ಮುಚ್ಚಿಕೊಳ್ಳುವವರಿದ್ದಾರೆ.

ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಬೇಡಿಕೆ. ಹಡಗುಪಟ್ಟಿಗಳಲ್ಲಿ ಕಾಣುವ ಮೈಸೂರು, ಬೆಂಗಳೂರು, ಬಳ್ಳಾರಿ, ಕೆನರಾ, ಕೊಯಮತ್ತೂರು, ಸೇಲಂ ಜಿಲ್ಲೆಗಳ ಠಾಣೆ ಮತ್ತು ಊರಿನ ಹೆಸರುಗಳಿಗೆ ಇಂದಿನ ಹೋಬಳಿ, ತಾಲ್ಲೂಕು ಹೊಂದಿಸಿದ ಒಂದು ಕೋಷ್ಟಕವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಿ ಜಾಲತಾಣದಲ್ಲಿ ಹಾಕಲಿ, ಅದರ ಒಂದು ಪ್ರತಿ ತಾಲ್ಲೂಕು ರೆಕಾರ್ಡ್ ರೂಮುಗಳಲ್ಲೂ ಇರಲಿ.

– ಓದುಗರೊಬ್ಬರು, ಕೋಲಾರ