ಅಡುಗೆಮನೆಗೆ ಬಂದವರು ಮತ್ತೆ ಹೊರನಡೆಯದಿರಲಿ

ಮಾನ್ಯ ಸಂಪಾದಕರೇ,

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ನಂತರದ ತಿಂಗಳುಗಳಲ್ಲಿ, ಅದುವರೆಗೆ ಊಟದ ಹೊತ್ತಿಗೆ ಮಾತ್ರ ಅಡುಗೆಮನೆಯತ್ತ ಸುಳಿಯುತ್ತಿದ್ದ ಎಷ್ಟೋ ಜನ ಒಲೆಯ ಮುಂದೆ ನಿಂತು ಕೆಲಸ ಕಲಿತರು. ಹೋಟೆಲುಗಳು ಮುಚ್ಚಿದ್ದವು, ಕಚೇರಿ ಮನೆಯೊಳಗೇ ಬಂದಿತ್ತು. ಹಲವು ದೇಶಗಳಲ್ಲಿ ಮನೆಯಲ್ಲೇ ಬ್ರೆಡ್ ಮಾಡುವವರು ಹೆಚ್ಚಿದ್ದರಿಂದ ಅಂಗಡಿಗಳಲ್ಲಿ ಹಿಟ್ಟು ಮತ್ತು ಯೀಸ್ಟ್ ಸಿಗುವುದೇ ಕಷ್ಟವಾಯಿತು. 2023ರ ಮೇ 5ರಂದು ಅದೇ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಈ ಅವಧಿಯಲ್ಲಿ ಕಲಿತದ್ದರಲ್ಲಿ ಏನು ಉಳಿದಿದೆ ಎಂದು ನೋಡಿದಾಗ ನನಗೆ ಕಾಣುವುದು ಇಷ್ಟು: ಮನೆಯ ಅಡುಗೆಯನ್ನು ಒಬ್ಬರಿಗಿಂತ ಹೆಚ್ಚು ಜನ ಹಂಚಿಕೊಂಡ ಕಡೆ ಒಳ್ಳೆಯ ಊಟದ ಅಭ್ಯಾಸ ಉಳಿದಿದೆ, ಎಲ್ಲವೂ ಮರಳಿ ಒಬ್ಬರ ಹೆಗಲಿಗೇ ಬಿದ್ದ ಕಡೆ ಅದು ಸದ್ದಿಲ್ಲದೆ ಕಳೆದುಹೋಗಿದೆ.

ತಾನೇ ಬೇಯಿಸುವುದರಿಂದ ಆಗುವ ದೊಡ್ಡ ಲಾಭವೆಂದರೆ, ಊಟದೊಳಗೆ ಏನು ಸೇರುತ್ತಿದೆ ಎಂಬುದು ಕಣ್ಣಿಗೆ ಕಾಣುವುದು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲೆಕ್ಕದಲ್ಲಿ ನಾಲ್ವರು ವಯಸ್ಕರಿರುವ ಮನೆಗೆ ತಿಂಗಳಿಗೆ 600 ಗ್ರಾಂ ಉಪ್ಪೇ ಮಿತಿ. ಅರ್ಧ ಊಟ ಹೊರಗೆ ನಡೆಯುತ್ತಿದ್ದ ಕಾಲದಲ್ಲಿ ಈ ಲೆಕ್ಕ ಹಾಕುವ ದಾರಿಯೇ ಇರಲಿಲ್ಲ. ಮೂರು ಹೊತ್ತೂ ಮನೆಯ ಅಡುಗೆಯನ್ನೇ ಉಂಡ ತಿಂಗಳುಗಳಲ್ಲಿ ನಮ್ಮ ಮನೆಯ ಒಂದು ಕಿಲೋ ಉಪ್ಪು ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಮೊದಲ ಬಾರಿಗೆ ಗಮನಿಸಿ ನಾನು ನಿಜಕ್ಕೂ ಗಾಬರಿಯಾದೆ. ಐವತ್ತು ದಿನ ಬರಬೇಕಾದದ್ದು ಒಂದು ತಿಂಗಳೂ ಬರುತ್ತಿರಲಿಲ್ಲ. ಪೊಟ್ಟಣದ ತಿನಿಸುಗಳಲ್ಲಿ ಅಡಗಿರುವ ಉಪ್ಪು ಇದಕ್ಕೆ ಸೇರಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿಂದ ಮುಂದೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದೆವು. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಂಡಿತು, ಆಮೇಲೆ ಹಳೆಯ ಪ್ರಮಾಣವೇ ಅತಿಯೆನಿಸತೊಡಗಿತು.

ಎಲ್ಲ ಬದಲಾವಣೆಯೂ ಒಳ್ಳೆಯದೇ ಆಗಿತ್ತು ಎಂದು ಮಾತ್ರ ಹೇಳಲಾರೆ. ಆತಂಕಕ್ಕೂ ಬೇಸರಕ್ಕೂ ತಿನ್ನುವುದು, ಹೊತ್ತುಗೊತ್ತಿಲ್ಲದೆ ಡಬ್ಬಿಗೆ ಕೈ ಹಾಕುವುದು ಅನೇಕರಲ್ಲಿ ಅದೇ ದಿನಗಳಲ್ಲಿ ಬೇರೂರಿತು. ತರಕಾರಿಯನ್ನು ಸೋಪಿನಿಂದ ತೊಳೆದವರಿದ್ದರು. ಸೋಪು ಸಿಪ್ಪೆಯಲ್ಲಿ ಉಳಿದು ಹೊಟ್ಟೆ ಕೆಡಿಸಬಹುದು, ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆದರೆ ಸಾಕು. ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂಬ ನಂಬಿಕೆಯಲ್ಲಿ ವೈದ್ಯರನ್ನು ಕೇಳದೆ ಮಾತ್ರೆ ನುಂಗಿದವರ ವಿಷಯ ಇದಕ್ಕಿಂತ ಗಂಭೀರವಾದದ್ದು. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಬಹುಕಾಲ ಅತಿಯಾಗಿ ಸತುವು ಸೇವಿಸಿದರೆ ದೇಹಕ್ಕೆ ಬೇಕಾದ ತಾಮ್ರದ ಹೀರಿಕೆ ಕುಗ್ಗುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎಂಬ ಸರಳ ಸಲಹೆಯನ್ನು ಪಾಲಿಸುವ ಬದಲು ಶೀಶೆಯಲ್ಲಿ ಆರೋಗ್ಯ ಹುಡುಕಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಮನೆಯಲ್ಲಿ ಕುಳಿತು ಹೊಸ ಅಡುಗೆ ಕಲಿಯುವ ಅವಕಾಶ ಎಲ್ಲರಿಗೂ ಸಿಕ್ಕಿರಲಿಲ್ಲ ಎಂಬುದನ್ನು ಮರೆತು ಈ ಪತ್ರ ಬರೆಯುತ್ತಿಲ್ಲ. ಶಾಲೆಗಳು ಮುಚ್ಚಿದ್ದರಿಂದ ಜಗತ್ತಿನಲ್ಲಿ ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತೆಂದು ವಿಶ್ವ ಆಹಾರ ಕಾರ್ಯಕ್ರಮ ಅಂದಾಜಿಸಿತ್ತು.

ಇನ್ನು ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಮನೆಯ ಊಟ ಒಳ್ಳೆಯದೆಂಬ ತಿಳಿವಳಿಕೆ ಸಾಂಕ್ರಾಮಿಕಕ್ಕೆ ಮೊದಲೂ ಇತ್ತು, ಇಲ್ಲದಿದ್ದದ್ದು ಸಮಯ. ತೊಳೆಯುವುದು, ಹೆಚ್ಚುವುದು, ಬೇಯಿಸುವುದು, ಪಾತ್ರೆ ತಿಕ್ಕುವುದು, ನಾಳೆಗೇನು ಎಂದು ಇಂದೇ ಯೋಚಿಸುವುದು, ಇವೆಲ್ಲ ಸೇರಿ ದಿನದ ಎಷ್ಟೋ ಗಂಟೆಗಳನ್ನು ನುಂಗುತ್ತವೆ. ಆ ಗಂಟೆಗಳು ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳದ್ದೇ. ಎಲ್ಲರೂ ಮನೆಯಲ್ಲಿದ್ದಾಗ ಈ ಕೆಲಸವೂ ಎಲ್ಲರಿಗೂ ಕಂಡಿತು. ನಮ್ಮ ಮನೆಯಲ್ಲಿ ನನ್ನ ಪತಿ ರಾತ್ರಿಯ ಅಡುಗೆಯನ್ನು ಪೂರ್ತಿಯಾಗಿ ವಹಿಸಿಕೊಂಡರು, ಮಗ ವಾರಕ್ಕೆ ಎರಡು ದಿನ ಬೆಳಗಿನದನ್ನು ನೋಡಿಕೊಂಡ. ಕಚೇರಿ ಮತ್ತೆ ಶುರುವಾದ ಮೇಲೂ ಈ ಏರ್ಪಾಡು ನಿಲ್ಲಲಿಲ್ಲ, ಅದರಿಂದಲೇ ನಮ್ಮ ಊಟವೂ ಕೆಡಲಿಲ್ಲ. ನನ್ನ ಪರಿಚಯದ ಮನೆಯೊಂದರಲ್ಲಿ, ಎಲ್ಲರೂ ಕೆಲಸಕ್ಕೆ ಮರಳಿದ ಕೂಡಲೇ ಒಲೆ ಹಳೆಯಂತೆ ಒಬ್ಬರ ಪಾಲಾಯಿತು, ಆಕೆ ದಣಿದು ಬಂದ ಸಂಜೆಗಳಲ್ಲಿ ಮೊಬೈಲಿನಲ್ಲಿ ಊಟ ತರಿಸುವುದು ರೂಢಿಯಾಯಿತು. ಅದನ್ನು ಆಕೆಯ ಸೋಮಾರಿತನವೆಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ.

ಈ ನಿಟ್ಟಿನಲ್ಲಿ ತಮ್ಮ ಪತ್ರಿಕೆಗೆ ನನ್ನದೊಂದು ವಿನಂತಿಯಿದೆ. ಅಡುಗೆಯ ಅಂಕಣಗಳು ಇಂದಿಗೂ ಗೃಹಿಣಿಯರನ್ನೇ ಉದ್ದೇಶಿಸಿ, ಎಲ್ಲ ತಿಳಿದವರಿಗೆ ಬರೆದಂತೆ ಇರುತ್ತವೆ. ‘ಉಪ್ಪು ರುಚಿಗೆ ತಕ್ಕಷ್ಟು’ ಎಂಬ ಒಂದು ಸಾಲಿನಲ್ಲಿ ಅತಿ ಮುಖ್ಯವಾದ ಪ್ರಮಾಣವೇ ಮರೆಯಾಗುತ್ತದೆ. ಎಷ್ಟು ಜನರಿಗೆ ಎಷ್ಟು ಗ್ರಾಂ ಉಪ್ಪು, ಸಕ್ಕರೆ, ಎಣ್ಣೆ ಎಂಬುದನ್ನೂ, ಹೆಚ್ಚುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ನಿಜವಾಗಿ ಬೇಕಾಗುವ ಸಮಯವನ್ನೂ ಮುದ್ರಿಸಿ, ಮೊದಲ ಸಲ ಒಲೆ ಹಚ್ಚುವ ಗಂಡಸರನ್ನೂ ಹದಿಹರೆಯದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ವಾರಕ್ಕೊಂದಾದರೂ ಬರಹ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು