ಕೊಬ್ಬು ಹೆಚ್ಚಾದರೆ ಊಟದ ಬಗ್ಗೆ ಮಾತ್ರ ಕೇಳುತ್ತೀವಿ, ನೀರಿನ ಬಗ್ಗೆ ಯಾರು ಕೇಳಬೇಕು?

ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಸಾಹೇಬ್ರೆ, ನಮಸ್ಕಾರ.

ನಾನು ಹುಬ್ಬಳ್ಳಿಯ ಒಂದು ಸಣ್ಣ ರಕ್ತ ತಪಾಸಣೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುವಾಗಲೇ ಖಾಲಿ ಹೊಟ್ಟೆಯಲ್ಲಿ ಬಂದವರು ಕಟ್ಟೆ ಮೇಲೆ ಕೂತಿರುತ್ತಾರೆ, ಶುಗರ್ ಮತ್ತು ಲಿಪಿಡ್ ಪ್ರೊಫೈಲ್‌ಗೆ (ರಕ್ತದ ಕೊಬ್ಬಿನ ತಪಾಸಣೆಗೆ). ಸಂಜೆ ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎದುರು ದಪ್ಪ ಅಕ್ಷರ ಕಂಡ ಕೂಡಲೇ ಅವರೇ ತಪ್ಪೊಪ್ಪಿಕೊಳ್ಳಲು ಶುರು ಮಾಡುತ್ತಾರೆ. ಮಿರ್ಚಿ ಜಾಸ್ತಿ ಆಯ್ತು, ಮನೆಯಲ್ಲಿ ಮದುವೆ ಇತ್ತು, ಪೇಢೆ ಬಿಡೋಕಾಗಲ್ಲ. ನಾನೂ ತಲೆ ಆಡಿಸಿ ಕಳಿಸುತ್ತೇನೆ.

ನಮ್ಮ ಕಾಕಾನ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೂಡಲಿಲ್ಲ. ಮನುಷ್ಯ ಒಣ ಕಟ್ಟಿಗೆ ಇದ್ದ ಹಾಗೆ ಇದ್ದಾರೆ. ಎರಡೂ ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು. ಆದರೂ ಮೂರು ವರ್ಷದಿಂದ ಅವರ ಎಲ್‌ಡಿಎಲ್ 170ರ ಕೆಳಗೆ ಇಳಿದಿಲ್ಲ. ಮೊನ್ನೆ ರೂಢಿ ಬಾಯಿಂದ ಎಣ್ಣೆ ತುಪ್ಪ ಕಡಿಮೆ ಮಾಡ್ರಿ ಅಂದೆ. "ಲೇ ತಮ್ಮಾ, ತುಪ್ಪದ ವಾಸನಿ ನೋಡಿ ಎಷ್ಟ ವರ್ಷ ಆತು ನಿನಗ ಗೊತ್ತೈತೇನು?" ಅಂತ ರೇಗಿದರು. ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು, ಆದರೆ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಕಾಕಾ 22 ವರ್ಷ ಲೋಹಕ್ಕೆ ಹೊಳಪಿನ ಲೇಪ ಕೊಡುವ ಒಂದು ಕ್ರೋಮ್ ಪ್ಲೇಟಿಂಗ್ ಶೆಡ್‌ನಲ್ಲಿ ದುಡಿದವರು, ಅಲ್ಲೇ ಹಿಂದಿನ ಓಣಿಯಲ್ಲಿ ಬೋರಿನ ನೀರು ಕುಡಿದು ಬದುಕಿದವರು.

ಕ್ರೋಮ್ ತೊಟ್ಟಿಯಿಂದ ಆಸಿಡ್ ಹಬೆ ಏಳಬಾರದು ಅಂತ ಮೇಲೆ ನೊರೆ ಹಿಡಿಯುವ ಒಂದು ದ್ರಾವಣ ಹಾಕುತ್ತಾರೆ. ಕಾಕಾ ಅದಕ್ಕೆ ನೊರೆ ಔಷಧ ಅನ್ನುತ್ತಾರೆ. ಇಂಥ ದ್ರಾವಣಗಳಲ್ಲಿ ಜಗತ್ತಿನಾದ್ಯಂತ ದಶಕಗಟ್ಟಲೆ ಬಳಸಿದ್ದು ಪಿಎಫ್‌ಒಎಸ್ ಅನ್ನೋ ರಾಸಾಯನಿಕ. ಪಿಎಫ್‌ಎಎಸ್ ಅನ್ನೋ ದೊಡ್ಡ ಕುಟುಂಬದ್ದು ಅದು. ಅಂಟದ ತವಾ ತಯಾರಿಸಲು ಬಳಸಿದ ಪಿಎಫ್‌ಒಎ ಅದರ ಅಣ್ಣತಮ್ಮ. ಪೆಟ್ರೋಲ್ ಬೆಂಕಿ ಆರಿಸುವ ನೊರೆ, ಮಳೆ ನೀರು ಹತ್ತದ ಬಟ್ಟೆ, ಎಣ್ಣೆ ಇಂಗದ ಕಾಗದ, ಎಲ್ಲದರಲ್ಲೂ ಈ ಮನೆತನದವರೇ. ಕಾರ್ಬನ್ ಮತ್ತು ಫ್ಲೋರಿನ್ ಹಿಡಿದ ಗಂಟು ಎಷ್ಟು ಬಿಗಿ ಅಂದರೆ ಬಿಸಿಲು, ಮಳೆ, ಮಣ್ಣಿನ ಹುಳು ಯಾವುದಕ್ಕೂ ಬಿಚ್ಚುವುದಿಲ್ಲ. ಅದಕ್ಕೇ ಫಾರೆವರ್ ಕೆಮಿಕಲ್ ಅಂತ ಅಡ್ಡಹೆಸರು. ನಮ್ಮ ರಕ್ತದೊಳಗೆ ಬಂದ ಪಿಎಫ್‌ಒಎ ಅರ್ಧಕ್ಕೆ ಇಳಿಯಲಿಕ್ಕೇ 2ರಿಂದ 4 ವರ್ಷ ಬೇಕು.

ಇದಕ್ಕೂ ಕೊಬ್ಬಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಲಿವರ್ ತನ್ನಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಒಂದಷ್ಟನ್ನು ಪಿತ್ತರಸ ಮಾಡಿ ಕರುಳಿಗೆ ಕಳಿಸುತ್ತದೆ. ಕೊಲೆಸ್ಟ್ರಾಲ್ ಖರ್ಚಾಗುವ ದೊಡ್ಡ ದಾರಿ ಅದೇ. ಪಿಎಫ್‌ಎಎಸ್ ನೋಡೋಕೆ ಕೊಬ್ಬಿನ ಆಮ್ಲದ ಹಾಗೇ ಇರುವುದರಿಂದ ಲಿವರ್ ಮೋಸ ಹೋಗುತ್ತದೆ. ಇದು ಪಿತ್ತದ ಜೊತೆ ಕರುಳಿಗೆ ಹೋಗಿ, ಅಲ್ಲಿಂದ ಮತ್ತೆ ರಕ್ತಕ್ಕೆ, ಮತ್ತೆ ಲಿವರ್‌ಗೆ ವಾಪಸ್ ಬರುತ್ತದೆ, ಹುಬ್ಬಳ್ಳಿ ಧಾರವಾಡ ಸಿಟಿ ಬಸ್ ಹಾಗೆ. ಕೊಲೆಸ್ಟ್ರಾಲನ್ನು ಪಿತ್ತ ಮಾಡುವ ಕೆಲಸವನ್ನೇ ಇದು ನಿಧಾನ ಮಾಡುತ್ತದೆ ಅಂತ ಲಿವರ್ ಜೀವಕೋಶಗಳ ಪ್ರಯೋಗಗಳಲ್ಲಿ ಕಂಡಿದೆ. ಖರ್ಚು ಕಡಿಮೆ ಆದರೆ ದಾಸ್ತಾನು ಏರುತ್ತದೆ, ಅಲ್ವಾ? ತಮಾಷೆ ಅಂದರೆ ಇಲಿಗಳಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯುತ್ತದೆ. ಇಲಿಯ ಲಿವರ್ ಬೇರೆ, ನಮ್ಮದು ಬೇರೆ. ಸುಮ್ನೆ ಇಲಿ ನಂಬಿ ಕೂತಿದ್ದರೆ ಈ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ.

ಹೊರಗೆ ಬಂದಿದ್ದು ದನಗಳಿಂದ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಪಾರ್ಕರ್ಸ್‌ಬರ್ಗ್ ಅಂತ ಊರು, ಅದರ ಹತ್ತಿರ ಡುಪಾಂಟ್ ಕಂಪನಿಯ ಕಾರ್ಖಾನೆ. 1951ರಿಂದ ಅಲ್ಲಿ ಪಿಎಫ್‌ಒಎ ಬಳಕೆ. ವಿಲ್ಬರ್ ಟೆನಂಟ್ ಅನ್ನೋ ರೈತನ ದನಗಳು ಹಳ್ಳದ ನೀರು ಕುಡಿದು ಒಂದೊಂದಾಗಿ ಸತ್ತವು. ಆತ 1998ರಲ್ಲಿ ರಾಬ್ ಬಿಲಾಟ್ ಅನ್ನೋ ವಕೀಲರ ಬಾಗಿಲು ತಟ್ಟಿದ. ಆ ಜಗಳ ಬೆಳೆದು, ರಾಜಿ ಆಗಿ, ರಾಜಿಯ ದುಡ್ಡಿನಲ್ಲಿ 2005-06ರಲ್ಲಿ ಸುಮಾರು 69,000 ಜನರ ರಕ್ತ ತೆಗೆದರು. ನಾನು ಸೂಜಿ ಹಿಡಿಯುವವನು ಸಾಹೇಬ್ರೆ, ಆ ಸಂಖ್ಯೆ ಓದಿ ಕೈ ನೋವು ಬಂತು.

ಅದರಲ್ಲಿ 46,000ಕ್ಕೂ ಹೆಚ್ಚು ವಯಸ್ಕರ ಲೆಕ್ಕ 2009ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಈ ರಾಸಾಯನಿಕ ಅತಿ ಕಡಿಮೆ ಇದ್ದ ಹತ್ತನೇ ಒಂದು ಪಾಲು ಜನರಿಗಿಂತ ಅತಿ ಜಾಸ್ತಿ ಇದ್ದ ಹತ್ತನೇ ಒಂದು ಪಾಲು ಜನರಲ್ಲಿ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 11-12 ಮಿಲಿಗ್ರಾಂ ಹೆಚ್ಚಿತ್ತು. ಏರಿದ್ದು ಕೆಟ್ಟ ಕೊಬ್ಬು. ಒಳ್ಳೆಯದು, ಅಂದರೆ ಎಚ್‌ಡಿಎಲ್, ಇದ್ದಲ್ಲೇ ಇತ್ತು. ಒಬ್ಬನ ರಿಪೋರ್ಟಿನಲ್ಲಿ 12 ಅಂದರೆ ಡಾಕ್ಟರ್ ಕಣ್ಣೂ ಮೇಲೆತ್ತುವುದಿಲ್ಲ. ಇಡೀ ಊರಿಗೆ ಊರೇ ಅಷ್ಟು ಮೇಲೆ ಸರಿದರೆ ಮಾತ್ರೆ ನುಂಗಬೇಕಾದವರ ಸಾಲು ಉದ್ದ ಆಗುತ್ತದೆ.

ನನಗೆ ನಂಬಿಕೆ ಬಂದಿದ್ದು ಆಮೇಲಿನ ಸಂಗತಿಯಿಂದ. ಅಲ್ಲಿ ನೀರಿಗೆ ಇದ್ದಿಲಿನ ದೊಡ್ಡ ಫಿಲ್ಟರ್ ಹಾಕಿಸಿದರು. 560 ಜನರ ರಕ್ತವನ್ನು 2010ರಲ್ಲಿ ಮತ್ತೆ ನೋಡಿದರು. ಪಿಎಫ್‌ಒಎ ಅರ್ಧಕ್ಕೆ ಇಳಿದವರಲ್ಲಿ ಎಲ್‌ಡಿಎಲ್ ಶೇ 3.6ರಷ್ಟು ಕೆಳಗೆ ಬರುತ್ತದೆ ಅಂತ ಲೆಕ್ಕ ಸಿಕ್ಕಿತು. ರಕ್ತದಲ್ಲಿ ಈ ರಾಸಾಯನಿಕ ಹೆಚ್ಚು ಇಳಿದವರಲ್ಲಿ ಕೆಟ್ಟ ಕೊಬ್ಬೂ ಹೆಚ್ಚು ಇಳಿಯುವುದು ಕಂಡಿತು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ರಕ್ತದಲ್ಲಿ ಪಿಎಫ್‌ಎಎಸ್ ಒಂದು ಮಟ್ಟ ದಾಟಿದವರಿಗೆ ಲಿಪಿಡ್ ತಪಾಸಣೆಗೆ ಆದ್ಯತೆ ಕೊಡಿ ಅಂತ ಡಾಕ್ಟರುಗಳಿಗೆ ಸಲಹೆಯನ್ನೇ ಕೊಟ್ಟಿತು. ನಮ್ಮ ಲ್ಯಾಬಿನ ಫಾರ್ಮಿನಲ್ಲಿ ವಯಸ್ಸು, ಊಟ ಎಷ್ಟು ಗಂಟೆಗೆ, ಸಿಗರೇಟು ಇದೆಯೋ ಅಂತ ಇದೆ. ಕುಡಿಯುವುದು ನಳದ ನೀರೋ ಬೋರಿನದೋ ಅಂತ ಒಂದು ಸಾಲೂ ಇಲ್ಲ.

ಕಾಕಾನ ಕೊಬ್ಬಿಗೆ ಪ್ಲೇಟಿಂಗ್ ಶೆಡ್ಡೇ ಕಾರಣ ಅಂತ ನಾನು ಹೇಳುತ್ತಿಲ್ಲ. ವಂಶದಿಂದ ಬರುತ್ತದೆ, ಥೈರಾಯ್ಡ್‌ನಿಂದ ಬರುತ್ತದೆ, ವಯಸ್ಸೂ ಇದೆ. ಒಬ್ಬರ ಒಂದು ರಿಪೋರ್ಟ್ ಹಿಡಿದು ಯಾರ ಮೇಲೂ ಬೆರಳು ತೋರಿಸಲು ಆಗುವುದಿಲ್ಲ, ತೋರಿಸಲೂ ಬಾರದು. ನಾನು ಕೇಳುತ್ತಿರುವುದು ನೀರಿನ ರಿಪೋರ್ಟ್.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. 2012ರ ಆ ಪಟ್ಟಿಯಲ್ಲಿ ಡಿಡಿಟಿಗೆ ಮಿತಿ ಇದೆ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಅನ್ನೋ ರಾಸಾಯನಿಕಕ್ಕೂ ಇದೆ, ಪಿಎಫ್‌ಎಎಸ್‌ಗೆ ಸಾಲಿಲ್ಲ. ಸಾಲೇ ಇಲ್ಲದ ಮೇಲೆ ಯಾವ ಇಂಜಿನಿಯರ್ ಪರೀಕ್ಷೆ ಮಾಡಿಸುತ್ತಾರೆ? ಅಮೆರಿಕ 2024ರ ಏಪ್ರಿಲ್‌ನಲ್ಲಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ಲೀಟರಿಗೆ 4 ನ್ಯಾನೋಗ್ರಾಂ ಅಂತ ಮಿತಿ ಹಾಕಿತು. ಅದೆಷ್ಟು ಅಂತ ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ, ಮಹದಾಯಿ ಪುಣ್ಯದಿಂದ ನಮ್ಮ ಕಡೆ ಸಾಲಿ ಹುಡುಗರಿಗೂ ಟಿಎಂಸಿ ಲೆಕ್ಕ ಗೊತ್ತು, ಒಂದು ಟಿಎಂಸಿ ನೀರಿಗೆ ಸುಮಾರು 113 ಗ್ರಾಂ. ಅಷ್ಟು ಬಿದ್ದರೆ ಮಿತಿ ಮುಟ್ಟಿತು. ಟಿಎಂಸಿಗಾಗಿ ನಾವು ಎಷ್ಟು ವರ್ಷ ಬೀದಿಯಲ್ಲಿ ಕೂತೆವು ಸಾಹೇಬ್ರೆ, ಬಂದ ನೀರಿನಲ್ಲಿ ಗ್ರಾಂ ಲೆಕ್ಕವನ್ನೂ ಒಮ್ಮೆ ಕೇಳಬೇಕಲ್ಲ.

ಇದು ಅಮೆರಿಕದ ರೋಗ, ನಮಗ್ಯಾಕೆ ಅನ್ನಬೇಡಿ. ಇಟಲಿಯ ವಿಚೆಂಜಾ ಬಳಿ ಇಂಥ ರಾಸಾಯನಿಕ ಮಾಡುತ್ತಿದ್ದ ಮಿಟೆನಿ ಕಾರ್ಖಾನೆ ಲಕ್ಷಾಂತರ ಜನರ ನೀರು ಕೆಡಿಸಿ 2018ರಲ್ಲಿ ಬಾಗಿಲು ಹಾಕಿತು. 2025ರ ಜೂನ್‌ನಲ್ಲಿ ಅಲ್ಲಿನ ಕೋರ್ಟು ಅದರ 11 ಮಂದಿಗೆ ಶಿಕ್ಷೆ ಕೊಟ್ಟಿತು. ಅದರ ಯಂತ್ರಗಳು ಎಲ್ಲಿಗೆ ಬಂದವು ಗೊತ್ತಾ? ಪಕ್ಕದ ಮಹಾರಾಷ್ಟ್ರಕ್ಕೆ, ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮಕ್ಕೆ. ಪಿಎಫ್‌ಒಎಸ್ ಮೇಲೆ 2009ರಲ್ಲಿ, ಪಿಎಫ್‌ಒಎ ಮೇಲೆ 2019ರಲ್ಲಿ ಕಡಿವಾಣ ಹಾಕಿದ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತವೂ ಸೇರಿದೆ.

ಗದಗ ಜಿಲ್ಲೆಯ ಫ್ಲೋರೈಡ್ ನಿಮಗೆ ಗೊತ್ತಿರುವುದೇ. ಅದು ಹಲ್ಲಿನ ಮೇಲೆ ಕಲೆ ಬಿಟ್ಟಿತು, ಜನ ಬಾಯಿ ತೆರೆದು ತೋರಿಸಿದರು, ಸರ್ಕಾರ ಹೊಳೆ ನೀರು ತಂದಿತು. ಕುಮಾರಪಟ್ಟಣದ ಕಾರ್ಖಾನೆಯ ಕೆಳಗೆ ತುಂಗಭದ್ರೆಯಲ್ಲಿ 1980ರ ದಶಕದಲ್ಲಿ ಮೀನು ಸತ್ತು ತೇಲಿದವು, ಊರವರು ಬೀದಿಗೆ ಇಳಿದರು. ಪಿಎಫ್‌ಎಎಸ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಈ ಮಟ್ಟದಲ್ಲಿ ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ. ಆರ್‌ಒ ಬಹಳಷ್ಟು ತೆಗೆಯುತ್ತದೆ, ಆದರೆ ಅದು ಇದ್ದವರ ಮನೆಯ ಮಾತು. ಅದರಿಂದ ಹೊರಬಿದ್ದ ನೀರು ಮತ್ತೆ ಗಟಾರಕ್ಕೇ.

ಹಾಗಾಗಿ ಮಾಡಿಸಬೇಕಾದ್ದು ಇಷ್ಟೇ. ಗೋಕುಲ ರಸ್ತೆ, ತಾರಿಹಾಳ, ರಾಯಾಪುರ, ಬೇಲೂರು ಕೈಗಾರಿಕಾ ಪ್ರದೇಶಗಳ ಸುತ್ತಲಿನ ಬೋರುಗಳ ನೀರು, ಅಮ್ಮಿನಬಾವಿಗೆ ಬರುವ ಮಲಪ್ರಭೆ ನೀರು, ಉಣಕಲ್ ನಾಲೆಯ ನೀರು, ಇವನ್ನು ಒಮ್ಮೆ ಪಿಎಫ್‌ಎಎಸ್‌ಗೆ ಪರೀಕ್ಷೆ ಮಾಡಿಸಿ, ಬಂದ ಅಂಕಿ ಹೇಗಿದ್ದರೂ ಊರ ಮುಂದೆ ಇಡಿ. ಏನೂ ಇಲ್ಲ ಅಂತ ಬಂದರೆ ಪೇಢೆ ಹಂಚುತ್ತೇನೆ, ಕೊಲೆಸ್ಟ್ರಾಲ್ ಇದ್ದವರಿಗೂ. ಪ್ಲೇಟಿಂಗ್ ಶೆಡ್‌ಗಳಲ್ಲಿ ಯಾವ ನೊರೆ ಔಷಧ ಹಾಕುತ್ತಾರೆ, ಅಗ್ನಿಶಾಮಕದವರ ಡ್ರಮ್ಮಿನಲ್ಲಿ ಯಾವ ನೊರೆ ಇದೆ ಅನ್ನುವುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬರೆಸಿಕೊಳ್ಳಿ, ಅದಕ್ಕೆ ಯಂತ್ರವೂ ಬೇಕಿಲ್ಲ. ಶೆಡ್ ಮಾಲೀಕರನ್ನು ಹೆದರಿಸುವ ಕೆಲಸ ಬೇಡ, ಪಾಪ, ಅರ್ಧ ಜನಕ್ಕೆ ಡಬ್ಬದಲ್ಲಿ ಏನಿದೆ ಅನ್ನುವುದೇ ಗೊತ್ತಿರುವುದಿಲ್ಲ.

ನೀರಿನ ಪರೀಕ್ಷೆಗೆ ಎಲ್‌ಸಿ-ಎಂಎಸ್/ಎಂಎಸ್ ಅನ್ನೋ ಯಂತ್ರ ಬೇಕು, ಅದು ನಮ್ಮಂಥ ಸಣ್ಣ ಲ್ಯಾಬಿನ ಮಾತಲ್ಲ. ಸ್ಯಾಂಪಲ್ ಹಿಡಿಯಲು ಬರುವವರಿಗೆ ಒಂದು ಮಾತು ಹೇಳಿ ಕಳಿಸಿ, ಮುಚ್ಚಳದ ಒಳಗೆ ಟೆಫ್ಲಾನ್ (ಅಂಟದ ತವಾದ ಲೇಪ) ಇರುವ ಬಾಟಲಿ ತರಬಾರದು, ಅದರಿಂದಲೇ ಲೆಕ್ಕ ಕೆಡಬಹುದು. ಸಾದಾ ಪಾಲಿಪ್ರೊಪಿಲೀನ್ ಬಾಟಲಿ ಸಾಕು. ಯಾವ ದಿನ ಅಂತ ಹಿಂದಿನ ಸಂಜೆ ತಿಳಿಸಿದರೆ ಕಾಕಾ ಓಣಿಯ ಬೋರ್ ಚಾಲೂ ಮಾಡಿ ಇಟ್ಟಿರುತ್ತಾರೆ, ಕರೆಂಟ್ ಇದ್ದರೆ.

ಇಂತಿ,
ಹುಬ್ಬಳ್ಳಿಯ ಒಬ್ಬ ಲ್ಯಾಬ್ ಟೆಕ್ನಿಷಿಯನ್